ಪೂಲಿನ ಘಾಟು ಕ್ಲೋರಿನ್ ಜಾಸ್ತಿಯಾದದ್ದಕ್ಕಲ್ಲ, ಸಾಲದೇ ಹೋದದ್ದಕ್ಕೆ

ಪ್ರಶ್ನೆ: ನಾವು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೇವೆ. ನಮ್ಮ ಈಜುಕೊಳದ ಹತ್ತಿರ ಹೋದರೇ ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯುತ್ತದೆ. ಮಕ್ಕಳು ಕಣ್ಣು ಕೆಂಪು ಮಾಡಿಕೊಂಡು ಮನೆಗೆ ಬರುತ್ತಾರೆ. ಬೇಸಿಗೆ ಕ್ಲಾಸಿಗೆ ಸೇರಿದ ಮೇಲೆ ಮಗಳು ಕಪ್ಪಾಗಿದ್ದಾಳೆ, ಕೂದಲು ಒರಟಾಗಿದೆ. ಕ್ಲೋರಿನ್ ಕಮ್ಮಿ ಮಾಡಿ ಎಂದು ಕಮಿಟಿಗೆ ಹೇಳಿದೆವು. ಮಾಡಿದರು, ಆದರೆ ವಾಸನೆ ಇನ್ನೂ ಜಾಸ್ತಿಯಾಯಿತು. ಉಪ್ಪು ನೀರಿನ ಪೂಲ್ ಮಾಡಿಸಿದರೆ ಕ್ಲೋರಿನ್ನೇ ಬೇಡ ಎಂದು ಕೆಲವರು ಹೇಳುತ್ತಿದ್ದಾರೆ. ಮೂತ್ರ ಮಾಡಿದರೆ ನೀರಿನ ಬಣ್ಣ ಬದಲಾಗುವ ಕೆಮಿಕಲ್ ಹಾಕಿದೆ ಎಂದು ಬೋರ್ಡ್ ಬೇರೆ ತೂಗುಹಾಕಿದ್ದಾರೆ. ಕೇರಳದಲ್ಲಿ ನೀರಿನ ಅಮೀಬಾದಿಂದ ಮಿದುಳಿನ ಕಾಯಿಲೆ ಬಂದ ಸುದ್ದಿ ಓದಿದ ಮೇಲೆ ನಮ್ಮ ಅತ್ತೆಯವರು ಮಕ್ಕಳನ್ನು ಪೂಲಿಗೆ ಕಳಿಸಲೇಬೇಡ ಅನ್ನುತ್ತಾರೆ. ಏನು ಮಾಡೋಣ?

ಉತ್ತರ: ಮೊದಲು ಕಮಿಟಿಯವರಿಗೆ ಹೇಳಿ, ಕ್ಲೋರಿನ್ ಕಮ್ಮಿ ಮಾಡುವುದನ್ನು ಇವತ್ತೇ ನಿಲ್ಲಿಸಲಿ. ನಿಮ್ಮ ಪೂಲಿನಲ್ಲಿ ಕ್ಲೋರಿನ್ ಜಾಸ್ತಿಯಾಗಿಲ್ಲ. ನೀವು ಹೇಳುವ ಲಕ್ಷಣಗಳನ್ನು ನೋಡಿದರೆ ಸಾಲದೇ ಹೋಗಿದೆ.

ಇದನ್ನು ನಂಬುವುದು ಕಷ್ಟ, ಗೊತ್ತು. ಬ್ಲೀಚಿಂಗ್ ಪೌಡರ್ ವಾಸನೆ ಬಂದರೆ ಸ್ವಚ್ಛ ಎಂದು ನಾವೆಲ್ಲ ಚಿಕ್ಕಂದಿನಿಂದ ಕಲಿತಿದ್ದೇವೆ. ಜಾತ್ರೆ ಮುಗಿದ ಮೇಲೆ ಬೀದಿಗೆ ಚೆಲ್ಲುವುದು ಅದೇ, ಮಳೆಗಾಲದಲ್ಲಿ ಊರ ಬಾವಿಗೆ ಹಾಕುವುದೂ ಅದೇ. ಹಾಗಾಗಿ ವಾಸನೆ ಜಾಸ್ತಿ ಬಂದರೆ ಪೌಡರ್ ಜಾಸ್ತಿ ಬಿದ್ದಿದೆ ಎಂದುಕೊಳ್ಳುತ್ತೇವೆ. ಈಜುಕೊಳದಲ್ಲಿ ಈ ಲೆಕ್ಕ ತಿರುಗುಮುರುಗು.

ಕ್ಲೋರಿನ್ ನೀರಿಗೆ ಬಿದ್ದ ಮೇಲೆ ಎರಡು ರೂಪದಲ್ಲಿರುತ್ತದೆ. ಒಂದು, ಇನ್ನೂ ಯಾವ ಕೊಳೆಗೂ ಅಂಟಿಕೊಳ್ಳದೆ ಕೆಲಸಕ್ಕೆ ಸಿದ್ಧವಿರುವ ಕ್ಲೋರಿನ್. ಇದಕ್ಕೆ ಫ್ರೀ ಕ್ಲೋರಿನ್ ಅನ್ನುತ್ತಾರೆ. ಪೂಲಿನಲ್ಲಿ ಇರಬೇಕಾದ ಪ್ರಮಾಣದಲ್ಲಿದ್ದರೆ ಇದರ ವಾಸನೆ ಅಷ್ಟಾಗಿ ಗೊತ್ತೇ ಆಗುವುದಿಲ್ಲ. ಇನ್ನೊಂದು, ಬೆವರು, ಮೂತ್ರ, ಮೈಯ ಕೊಳೆಯಲ್ಲಿರುವ ಯೂರಿಯಾ, ಅಮೋನಿಯಾದಂಥ ವಸ್ತುಗಳ ಜೊತೆ ಸೇರಿಕೊಂಡ ಕ್ಲೋರಿನ್. ಇದು ಕ್ಲೋರಮೈನ್ ಆಗುತ್ತದೆ. ಇದಕ್ಕೆ ಕಂಬೈಂಡ್ ಕ್ಲೋರಿನ್ ಎಂಬ ಹೆಸರೂ ಇದೆ. ರೋಗಾಣು ಕೊಲ್ಲುವ ಶಕ್ತಿ ಇದಕ್ಕೆ ತೀರಾ ಕಮ್ಮಿ. ಇದರಲ್ಲೇ ಟ್ರೈಕ್ಲೋರಮೈನ್ ಎಂಬ ಒಂದು ಬಗೆ ನೀರಿನಲ್ಲಿ ನಿಲ್ಲದೆ ಗಾಳಿಗೆ ಏಳುತ್ತದೆ. ನಿಮ್ಮ ಮೂಗಿಗೆ ಹೊಡೆಯುವುದು, ಮಕ್ಕಳ ಕಣ್ಣು ಕೆಂಪು ಮಾಡುವುದು, ಕೆಲವರಿಗೆ ಕೆಮ್ಮು ತರುವುದು ಮುಖ್ಯವಾಗಿ ಇದೇ. ಚಾವಣಿ ಇರುವ, ಕಿಟಕಿ ಮುಚ್ಚಿದ ಪೂಲಿನಲ್ಲಿ ಇದರ ಕಾಟ ಇನ್ನೂ ಜಾಸ್ತಿ. ಆಸ್ತಮಾ ಇರುವ ಮಕ್ಕಳನ್ನು ಅಂಥ ಕಡೆ ಕಳಿಸುವ ಮೊದಲು ಗಾಳಿಯಾಡುತ್ತದೆಯೇ ಎಂದು ನೋಡಲೇಬೇಕು.

ಕ್ಲೋರಮೈನನ್ನು ಒಡೆಯಲು ಇನ್ನಷ್ಟು ಫ್ರೀ ಕ್ಲೋರಿನ್ನೇ ಬೇಕು. ನಿಮ್ಮ ಕಮಿಟಿಯವರು ಮಾಡಿದ್ದು ಅನ್ನ ಅರ್ಧ ಬೆಂದಾಗ ಒಲೆ ಆರಿಸಿದ ಹಾಗೆ. ಕೊಳೆಯೆಲ್ಲ ಕ್ಲೋರಮೈನ್ ಹಂತಕ್ಕೆ ಬಂದು ನಿಂತಿತು, ಮುಂದಕ್ಕೆ ಹೋಗಲು ಕ್ಲೋರಿನ್ ಇರಲಿಲ್ಲ. ಅದಕ್ಕೇ ಘಾಟು ಏರಿತು.

ಇದಕ್ಕೆ ಮದ್ದು ಶಾಕ್ ಡೋಸ್. ಪೂಲ್ ಮುಚ್ಚಿ, ಕತ್ತಲಾದ ಮೇಲೆ, ನೀರಿನಲ್ಲಿರುವ ಕಂಬೈಂಡ್ ಕ್ಲೋರಿನ್ನಿನ ಸುಮಾರು ಹತ್ತು ಪಟ್ಟು ಕ್ಲೋರಿನ್ ಒಮ್ಮೆಗೇ ಹಾಕುತ್ತಾರೆ. ಕಂಬೈಂಡ್ 0.8 ಪಿಪಿಎಂ ಇದ್ದರೆ ಹತ್ತಿರ ಹತ್ತಿರ 8 ಪಿಪಿಎಂ. ಒಂದು ಪಿಪಿಎಂ ಅಂದರೆ ಒಂದು ಲೀಟರ್ ನೀರಿಗೆ ಒಂದು ಮಿಲಿಗ್ರಾಂ. ರಾತ್ರಿಯಿಡೀ ಪಂಪ್ ಓಡುತ್ತಿರಬೇಕು. ಫ್ರೀ ಕ್ಲೋರಿನ್ ಮತ್ತೆ ಮಾಮೂಲಿ ಮಟ್ಟಕ್ಕೆ ಇಳಿಯುವವರೆಗೆ ಯಾರೂ ನೀರಿಗೆ ಇಳಿಯಬಾರದು. ಅರ್ಧಂಬರ್ಧ ಡೋಸ್ ಹಾಕಿದರೆ ಮತ್ತೆ ಅದೇ ಕಥೆ, ಘಾಟು ಇನ್ನಷ್ಟು.

ಹಾಗಾದರೆ ನಿಮ್ಮ ನೀರಿನಲ್ಲಿ ಎಷ್ಟಿದೆ ಎಂದು ತಿಳಿಯುವುದು ಹೇಗೆ? ಮೂಗಿನಿಂದಲ್ಲ, ಟೆಸ್ಟ್ ಕಿಟ್‌ನಿಂದ. ನಾನು ಯಾವುದೇ ಅಪಾರ್ಟ್‌ಮೆಂಟಿಗೆ ನೀರು ನೋಡಲು ಹೋದಾಗ ಮೊದಲು ಕೇಳುವುದು ಅದನ್ನೇ. ಎಷ್ಟೋ ಕಡೆ ಹಳದಿ ಬಣ್ಣ ಬರುವ ಕಿಟ್ ತೋರಿಸುತ್ತಾರೆ. ಎರಡು ಪುಟ್ಟ ಬಾಟಲಿ, ಒಂದರ ಹನಿ ಹಾಕಿದರೆ ನೀರು ಹಳದಿ, ಇನ್ನೊಂದರ ಹನಿಗೆ ಕೆಂಪು. ಆ ಹಳದಿ ಹನಿಯ ಹೆಸರು ಆರ್ಥೋಟಾಲಿಡಿನ್. ಅದು ಒಟ್ಟು ಕ್ಲೋರಿನ್ ಹೇಳುತ್ತದೆಯೇ ಹೊರತು, ಕೆಲಸಕ್ಕೆ ಬರುವುದೆಷ್ಟು, ಬಾರದ್ದೆಷ್ಟು ಎಂದು ಬಿಡಿಸಿ ಹೇಳುವುದಿಲ್ಲ. ನಿಮ್ಮಂಥ ಪೂಲಿನಲ್ಲಿ ಅದು ಚೆನ್ನಾಗಿ ಹಳದಿ ತೋರಿಸುತ್ತದೆ. ನೋಡಿದವರು ಕ್ಲೋರಿನ್ ಬೇಕಾದಷ್ಟಿದೆ ಎಂದುಕೊಳ್ಳುತ್ತಾರೆ. ಇರುವುದೆಲ್ಲ ಕ್ಲೋರಮೈನ್ ಆಗಿರಬಹುದು.

ನಿಮಗೆ ಬೇಕಾದದ್ದು ಡಿಪಿಡಿ ಕಿಟ್. ಮೊಣಕೈವರೆಗೆ ಕೈ ಮುಳುಗಿಸಿ ಪೂಲಿನ ನೀರು ತೆಗೆಯಿರಿ. ಮೇಲಿನ ನೀರು ಬೇಡ, ನೀರು ಒಳಗೆ ಬರುವ ನಳಿಕೆಯ ಹತ್ತಿರದ್ದೂ ಬೇಡ. ಗಾಜಿನ ನಳಿಕೆಯಲ್ಲಿ ಗೆರೆಯವರೆಗೆ ತುಂಬಿ ಮೊದಲ ನಂಬರಿನ ಮಾತ್ರೆ ಹಾಕಿ. ಮಾತ್ರೆಯನ್ನು ಕೈಯಿಂದ ಮುಟ್ಟಬೇಡಿ, ಕವರ್ ಹರಿದು ನೇರವಾಗಿ ಬೀಳಿಸಿ. ಕರಗಿದ ಕೂಡಲೇ ಗುಲಾಬಿ ಬಣ್ಣ ಬರುತ್ತದೆ, ಪಟ್ಟಿಯ ಬಣ್ಣಕ್ಕೆ ಹೋಲಿಸಿ ಓದಿ. ಅದು ಫ್ರೀ ಕ್ಲೋರಿನ್. ಅದೇ ನೀರಿಗೆ ಮೂರನೇ ನಂಬರಿನ ಮಾತ್ರೆ ಹಾಕಿ ಎರಡು ನಿಮಿಷ ಬಿಡಿ. ಬಣ್ಣ ಇನ್ನೂ ಗಾಢವಾದರೆ ಅದು ಒಟ್ಟು ಕ್ಲೋರಿನ್. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಮಕ್ಕಳ ಕಣ್ಣು ಉರಿಸುತ್ತಿರುವ ಕ್ಲೋರಮೈನ್. ಅದು 0.4 ಪಿಪಿಎಂ ದಾಟಬಾರದು.

ಈ ಪರೀಕ್ಷೆಯಲ್ಲಿ ಒಂದು ಮೋಸ ಇದೆ, ಎಚ್ಚರ. ಕ್ಲೋರಿನ್ ತೀರಾ ಜಾಸ್ತಿಯಾದರೆ ಅದು ಗುಲಾಬಿ ಬಣ್ಣವನ್ನೇ ಬಿಳಿಚಿಸಿಬಿಡುತ್ತದೆ. ನೀರು ಬಣ್ಣವಿಲ್ಲದೆ ಕಾಣುತ್ತದೆ. ಕ್ಲೋರಿನ್ ಸೊನ್ನೆ ಎಂದುಕೊಂಡು ಇನ್ನಷ್ಟು ಸುರಿಯುವವರಿದ್ದಾರೆ. ಮಾತ್ರೆ ಬಿದ್ದ ಕ್ಷಣ ಗುಲಾಬಿ ಮಿಂಚಿ ಮಾಯವಾದರೆ ಅದೇ ಕಾರಣ. ನೀರನ್ನು ಕ್ಲೋರಿನ್ ಇಲ್ಲದ ಶುದ್ಧ ನೀರಿನಲ್ಲಿ ಐದು ಪಾಲಿಗೆ ತೆಳುಮಾಡಿ ಮತ್ತೆ ನೋಡಿ, ಬಂದ ಅಂಕಿಯನ್ನು ಐದರಿಂದ ಗುಣಿಸಿ.

ಫ್ರೀ ಕ್ಲೋರಿನ್ ಕನಿಷ್ಠ 1 ಪಿಪಿಎಂ ಇರಬೇಕು. ನಿಮ್ಮಲ್ಲಿ ಟಿಸಿಸಿಎ (ಟ್ರೈಕ್ಲೋರೋ ಐಸೋಸಯನ್ಯೂರಿಕ್ ಆಸಿಡ್) ಎಂಬ ಕ್ಲೋರಿನ್ ಮಾತ್ರೆಯೋ ಪುಡಿಯೋ ಹಾಕುತ್ತಿದ್ದರೆ ಕನಿಷ್ಠ 2. ಅದು ಯಾಕೆ ಎಂದು ಮುಂದೆ ಹೇಳುತ್ತೇನೆ.

ಇಷ್ಟೇ ಮುಖ್ಯವಾದದ್ದು ಪಿಎಚ್. ನೀರು ಹುಳಿಯ ಕಡೆಗಿದೆಯೋ ಕ್ಷಾರದ ಕಡೆಗಿದೆಯೋ ಎಂಬ ಅಳತೆ ಅದು. ಇದನ್ನು ಕಣ್ಣುರಿಗೆ ಮಾತ್ರ ಸಂಬಂಧಿಸಿದ್ದು ಎಂದು ತಿಳಿದವರೇ ಜಾಸ್ತಿ. ನಿಜವಾಗಿ ಕ್ಲೋರಿನ್ ಕೆಲಸ ಮಾಡುತ್ತದೋ ಇಲ್ಲವೋ ಎಂಬುದೇ ಇದರ ಮೇಲೆ ನಿಂತಿದೆ. ಫ್ರೀ ಕ್ಲೋರಿನ್ನಿನಲ್ಲಿ ಚುರುಕಾಗಿ ರೋಗಾಣು ಕೊಲ್ಲುವುದು ಹೈಪೋಕ್ಲೋರಸ್ ಆಸಿಡ್ ಎಂಬ ಭಾಗ. ಪಿಎಚ್ 7.2 ಇದ್ದಾಗ ಮೂರರಲ್ಲಿ ಎರಡು ಪಾಲು ಆ ಚುರುಕು ರೂಪದಲ್ಲಿರುತ್ತದೆ. 7.5ಕ್ಕೆ ಬಂದರೆ ಅರ್ಧ. 8 ಆದರೆ ಕಾಲು ಭಾಗ. 8.5ಕ್ಕೆ ಹತ್ತರಲ್ಲಿ ಒಂದು ಪಾಲು ಅಷ್ಟೇ. ಹಾಕಿದ ಕ್ಲೋರಿನ್ ಅಷ್ಟೇ, ಖರ್ಚೂ ಅಷ್ಟೇ, ಕೆಲಸ ಮಾತ್ರ ಹತ್ತನೇ ಒಂದು ಪಾಲು. ಪಿಎಚ್ 7.2ರಿಂದ 7.8ರ ಒಳಗಿರಲಿ. 7.4ರ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ನಮ್ಮ ಕಣ್ಣೀರಿನ ಪಿಎಚ್ ಕೂಡ ಹೆಚ್ಚುಕಡಿಮೆ ಅಷ್ಟೇ.

ಬೆಂಗಳೂರಿನ ಪೂಲುಗಳಲ್ಲಿ ಪಿಎಚ್ ಏರುವುದಕ್ಕೆ ಒಂದು ಕಾರಣ ಬ್ಲೀಚಿಂಗ್ ಪೌಡರ್. ಅಗ್ಗ ಎಂದು ಚೀಲಗಟ್ಟಲೆ ತರಿಸುತ್ತಾರೆ. ಅದರಲ್ಲಿ ಕ್ಲೋರಿನ್ ಇರುವುದು ನೂರಕ್ಕೆ ಮೂವತ್ತರಷ್ಟು, ಜೊತೆಗೆ ಸುಣ್ಣ ಬೇಕಾದಷ್ಟಿದೆ. ಸುಣ್ಣ ಪಿಎಚ್ ಏರಿಸುತ್ತದೆ, ನೀರು ಮಬ್ಬಾಗಿಸುತ್ತದೆ, ಟೈಲ್ಸಿಗೆ ಬಿಳಿ ಪದರ ಕಟ್ಟುತ್ತದೆ. ಬೋರ್‌ವೆಲ್ ನೀರು ಮೊದಲೇ ಗಡಸು, ಅದಕ್ಕೆ ಇದು ಸೇರಿದರೆ ಫಿಲ್ಟರಿನ ಮರಳೂ ಗಟ್ಟಿಯಾಗುತ್ತದೆ. ಪೂಲಿಗೆ ಇದನ್ನು ಬಳಸಬೇಡಿ ಎಂದೇ ನನ್ನ ಸಲಹೆ.

ಲಿಕ್ವಿಡ್ ಹೈಪೋ, ಅಂದರೆ ಸೋಡಿಯಂ ಹೈಪೋಕ್ಲೋರೈಟ್ ಎಂಬ ಕ್ಲೋರಿನ್ ದ್ರಾವಣ, ಪರವಾಗಿಲ್ಲ. ಆದರೆ ಬಿಸಿಲಿನಲ್ಲಿ ಇಟ್ಟ ಕ್ಯಾನು ವಾರವಾರಕ್ಕೂ ಶಕ್ತಿ ಕಳೆದುಕೊಳ್ಳುತ್ತದೆ. ಲೇಬಲ್ ಮೇಲೆ ಹತ್ತು ಪರ್ಸೆಂಟ್ ಎಂದಿದ್ದರೂ ಒಳಗೆ ಅಷ್ಟು ಉಳಿದಿರಬೇಕಿಲ್ಲ. ತಂಪಾದ, ನೆರಳಿನ ಜಾಗದಲ್ಲಿಟ್ಟು, ಬೇಗ ಖರ್ಚಾಗುವಷ್ಟೇ ತರಿಸಬೇಕು.

ಇನ್ನು ಟಿಸಿಸಿಎ. ಈಗ ಹೆಚ್ಚಿನ ಅಪಾರ್ಟ್‌ಮೆಂಟುಗಳು ಬಳಸುವುದು ಇದನ್ನೇ. ನೂರಕ್ಕೆ ತೊಂಬತ್ತರಷ್ಟು ಕ್ಲೋರಿನ್, ಸ್ವಲ್ಪ ಹಾಕಿದರೆ ಸಾಕು, ಸುಣ್ಣದ ಕಾಟ ಇಲ್ಲ. ಒಳ್ಳೆಯದೇ. ಆದರೆ ಇದರ ಜೊತೆಗೆ ಸಯನ್ಯೂರಿಕ್ ಆಸಿಡ್ ಎಂಬ ಇನ್ನೊಂದು ವಸ್ತು ನೀರಿಗೆ ಸೇರುತ್ತದೆ. ಹೆಸರು ಕೇಳಿ ಸಯನೈಡ್ ಎಂದು ಹೆದರಬೇಡಿ, ಅದಲ್ಲ. ಅದು ಕ್ಲೋರಿನ್ನನ್ನು ಬಿಸಿಲಿನಿಂದ ಕಾಯುತ್ತದೆ. ತೆರೆದ ಪೂಲಿನಲ್ಲಿ ಅದಿಲ್ಲದಿದ್ದರೆ ಮಧ್ಯಾಹ್ನದ ಬಿಸಿಲಿಗೆ ಒಂದು ಗಂಟೆಯೊಳಗೆ ಅರ್ಧ ಕ್ಲೋರಿನ್ ಹೋಗಿಬಿಡುತ್ತದೆ. ಹಾಗಾಗಿ ಸ್ವಲ್ಪ ಇರಬೇಕು. ತೊಂದರೆ ಏನೆಂದರೆ ಕ್ಲೋರಿನ್ ಖರ್ಚಾಗುತ್ತದೆ, ಇದು ಖರ್ಚಾಗುವುದಿಲ್ಲ. ದಿನದಿನವೂ ಸೇರುತ್ತಾ ಹೋಗುತ್ತದೆ.

ಲೆಕ್ಕ ಮಾಡಿ ನೋಡಿ. 12 ಮೀಟರ್ ಉದ್ದ, 6 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಪೂಲಿನಲ್ಲಿ 86,400 ಲೀಟರ್ ನೀರಿರುತ್ತದೆ. ದಿನಕ್ಕೆ 200 ಗ್ರಾಂ ಟಿಸಿಸಿಎ ಹಾಕಿದರೆ ತಿಂಗಳಿಗೆ 6 ಕಿಲೋ. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಂದರೆ 3.3 ಕಿಲೋದಷ್ಟು ಸಯನ್ಯೂರಿಕ್ ಆಸಿಡ್ ಆಗಿ ಉಳಿಯುತ್ತದೆ. ತಿಂಗಳಿಗೆ 38 ಪಿಪಿಎಂ ಹತ್ತಿರ. ನೀರು ಬದಲಾಯಿಸದಿದ್ದರೆ ಮೂರು ತಿಂಗಳಲ್ಲಿ 100 ದಾಟುತ್ತದೆ. ಅಷ್ಟಾದಾಗ ಅದು ಕ್ಲೋರಿನ್ನಿನ ಕೈ ಕಟ್ಟಿಹಾಕುತ್ತದೆ. ಕಿಟ್ಟಿನಲ್ಲಿ 2 ಪಿಪಿಎಂ ಕಾಣುತ್ತದೆ, ನೀರಿನಲ್ಲಿ ಪಾಚಿ ಹಸಿರಾಗಿ ಬೆಳೆಯುತ್ತಿರುತ್ತದೆ. ಕನಿಷ್ಠ 2 ಬೇಕು ಎಂದದ್ದು ಇದಕ್ಕೇ.

ಇದನ್ನು ಇಳಿಸಲು ಸುಲಭದ ಕೆಮಿಕಲ್ ಇಲ್ಲ. ಒಂದಷ್ಟು ನೀರು ಹೊರಗೆ ಬಿಟ್ಟು ಹೊಸ ನೀರು ತುಂಬಬೇಕು, ಅಷ್ಟೇ. ಬೆಂಗಳೂರಿನಲ್ಲಿ ಅದು ಸುಲಭದ ಮಾತಲ್ಲ. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿದ್ದು ನೆನಪಿದೆಯಲ್ಲ. ಹಾಗಾಗಿ ಮೊದಲಿನಿಂದಲೇ ಜಾಣತನ ಬೇಕು. ಕೆಲವು ತಿಂಗಳು ಟಿಸಿಸಿಎ, ಸಯನ್ಯೂರಿಕ್ ಆಸಿಡ್ 30–50 ಪಿಪಿಎಂ ಮುಟ್ಟಿದ ಮೇಲೆ ಲಿಕ್ವಿಡ್ ಹೈಪೋ. ಹೀಗೆ ಮಾಡಿದರೆ ನೀರೂ ಉಳಿಯುತ್ತದೆ. ಬದಲಾಯಿಸುವಾಗ ಎರಡನ್ನೂ ಒಟ್ಟಿಗೆ ಬೆರೆಸದಂತೆ ನೋಡಿಕೊಳ್ಳಬೇಕು, ಅದರ ಬಗ್ಗೆ ಕೊನೆಯಲ್ಲಿ ಬರೆದಿದ್ದೇನೆ.

ಇಷ್ಟು ಹೊತ್ತು ಕೆಮಿಕಲ್ ಬಗ್ಗೆ ಹೇಳಿದೆ. ಆದರೆ ಇದೆಲ್ಲ ಖರ್ಚಾಗುವುದು ಯಾವುದಕ್ಕೆ? ನಮ್ಮ ಮೈಯಿಂದ ನೀರಿಗೆ ಇಳಿಯುವ ಕೊಳೆಗೆ. ಈ ಭಾಗದ ಬಗ್ಗೆ ಯಾವ ಕಮಿಟಿ ಮೀಟಿಂಗಿನಲ್ಲೂ ಯಾರೂ ಬಾಯಿ ಬಿಡುವುದಿಲ್ಲ. ನನಗೆ ತುಂಬಾ ಬೇಸರದ ವಿಷಯ ಇದು. ಪೂಲ್ ನೋಡಿಕೊಳ್ಳುವ ಹುಡುಗನನ್ನು ಎಲ್ಲರೂ ಬೈಯುತ್ತಾರೆ. ತಲೆಗೆ ಎಣ್ಣೆ ಹಚ್ಚಿಕೊಂಡೇ ನೀರಿಗೆ ಹಾರುವವರನ್ನು ಯಾರೂ ಕೇಳುವುದಿಲ್ಲ.

ಕೂದಲು ಹಾಳಾಗದಿರಲಿ ಎಂದು ಮಗುವಿನ ತಲೆಗೆ ಧಾರಾಳವಾಗಿ ಕೊಬ್ಬರಿ ಎಣ್ಣೆ ಹಚ್ಚಿ ಕಳಿಸುವ ಅಮ್ಮಂದಿರು ಬೇಕಾದಷ್ಟಿದ್ದಾರೆ. ಆ ಎಣ್ಣೆಯಲ್ಲಿ ಸಾಕಷ್ಟು ಭಾಗ ನೀರಿಗೇ ಹೋಗುತ್ತದೆ. ಕ್ಲೋರಿನ್ ಅದರ ಮೇಲೆ ಖರ್ಚಾಗುತ್ತದೆ, ಫಿಲ್ಟರಿನ ಮರಳು ಜಿಡ್ಡಾಗುತ್ತದೆ. ನಿಮ್ಮ ಪೂಲಿನ ಅಂಚಿನಲ್ಲಿ, ನೀರು ನಿಲ್ಲುವ ಮಟ್ಟದಲ್ಲಿ ಟೈಲ್ಸಿನ ಮೇಲೆ ಬೆರಳಾಡಿಸಿ ನೋಡಿ. ಕಂದು ಗೆರೆಯೊಂದು ಜಾರುತ್ತದೆ, ಅಲ್ವಾ? ಎಣ್ಣೆ, ಸನ್‌ಸ್ಕ್ರೀನ್, ಮೈಯ ಜಿಡ್ಡು ಎಲ್ಲ ಸೇರಿ ಕಟ್ಟಿದ್ದು ಅದು. ಎಣ್ಣೆಯ ಬದಲು ತಲೆಯನ್ನು ಮೊದಲೇ ನಲ್ಲಿ ನೀರಿನಲ್ಲಿ ಚೆನ್ನಾಗಿ ನೆನೆಸಿ, ಮೇಲೆ ಕ್ಯಾಪ್ ಹಾಕಿ. ಒಳ್ಳೆಯ ನೀರು ಕುಡಿದ ಕೂದಲು ಪೂಲಿನ ನೀರನ್ನು ಕಮ್ಮಿ ಹೀರುತ್ತದೆ. ಎಣ್ಣೆ ಈಜಿ ಬಂದು ಸ್ನಾನ ಮಾಡಿದ ಮೇಲೆ ಹಚ್ಚಿ.

ನೀರಿಗೆ ಇಳಿಯುವ ಮೊದಲು ಒಂದೇ ಒಂದು ನಿಮಿಷ ಶವರ್ ಕೆಳಗೆ ಮೈ ತೊಳೆದರೆ ಬೆವರು, ಡಿಯೋಡರೆಂಟ್, ಧೂಳು, ಕೆಳಭಾಗದ ಕೊಳೆ ಬಹುಪಾಲು ಹೋಗುತ್ತದೆ. ಪೂಲಿನಲ್ಲೇ ನೆನೆಯುತ್ತೀವಲ್ಲ, ಮತ್ತೆ ಯಾಕೆ ಸ್ನಾನ ಎಂದು ಕೇಳುವವರಿಗೆ ಉತ್ತರ ಇದೇ. ಬಂದ ಮೇಲೆ ಮಾಡುವ ಸ್ನಾನ ನಿಮಗಾಗಿ, ಹೋಗುವ ಮೊದಲು ಮಾಡುವುದು ಎಲ್ಲರಿಗಾಗಿ. ಕಾಟನ್ ಟೀ ಶರ್ಟ್, ಚಡ್ಡಿ ಬೇಡ, ನೈಲಾನ್ ಈಜುಡುಗೆ ಹಾಕಿ ಎನ್ನುವುದೂ ಸುಮ್ನೆ ಶೋಕಿಗಲ್ಲ. ಕಾಟನ್ ಬಟ್ಟೆ ದಿನವಿಡೀ ಹೀರಿದ ಬೆವರು, ಸೋಪು, ನೂಲಿನ ಎಳೆ ಎಲ್ಲವನ್ನೂ ನೀರಿಗೆ ಬಿಡುತ್ತದೆ.

ಮೂತ್ರದ ವಿಷಯಕ್ಕೆ ಬರೋಣ. ಬಣ್ಣ ಬದಲಿಸುವ ಕೆಮಿಕಲ್ ಎಂಬುದು ಶುದ್ಧ ಸುಳ್ಳು. ಮೂತ್ರಕ್ಕೆ ಮಾತ್ರ ಬಣ್ಣ ಕೊಟ್ಟು, ಬೆವರಿಗೆ ಕೊಡದಂಥ ವಸ್ತುವನ್ನು ಪೂಲಿಗೆ ಹಾಕುವ ಪದ್ಧತಿ ಎಲ್ಲೂ ಇಲ್ಲ. ಮೂತ್ರದಲ್ಲಿರುವುದರಲ್ಲಿ ಹೆಚ್ಚಿನದು ಬೆವರಿನಲ್ಲೂ ಇದೆ. ಬೋರ್ಡ್ ಹಾಕಿದವರ ಉದ್ದೇಶ ಒಳ್ಳೆಯದಿರಬಹುದು. ಆದರೆ ಒಂದು ಮಗು ಪರೀಕ್ಷೆ ಮಾಡಿ ನೋಡಿ ಬಣ್ಣ ಬರಲಿಲ್ಲ ಎಂದು ಕಂಡುಕೊಂಡ ದಿನ ಆ ಬೋರ್ಡಿನ ಬೆಲೆ ಮುಗಿಯಿತು. ತೆಗೆಸಿಬಿಡಿ. ಅದರ ಬದಲು, ಪೂಲಿನಲ್ಲಿ ಮೂತ್ರ ಮಾಡಿದರೆ ಕಣ್ಣು ಉರಿಯುವುದು ನಿನಗೇ ಎಂದು ಮಕ್ಕಳಿಗೆ ಹೇಳಿ, ಅದು ನಿಜ.

ಎಷ್ಟು ಜನ ಮಾಡುತ್ತಾರೆ ಎಂದು ಬಣ್ಣವಿಲ್ಲದೆಯೂ ತಿಳಿಯಬಹುದು. 2017ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಎರಡು ನಗರಗಳ 31 ಈಜುಕೊಳ ಮತ್ತು ಬಿಸಿನೀರಿನ ತೊಟ್ಟಿಗಳ ನೀರು ಪರೀಕ್ಷಿಸಿದರು. ತಂಪು ಪಾನೀಯಗಳಿಗೆ ಹಾಕುವ ಒಂದು ಕೃತಕ ಸಿಹಿ ನಮ್ಮ ದೇಹದಲ್ಲಿ ಕರಗದೆ ಮೂತ್ರದಲ್ಲಿ ಹಾಗೇ ಹೊರಬರುತ್ತದೆ. ಅದನ್ನು ಹುಡುಕಿದರು. ಎಲ್ಲ ಕಡೆಯೂ ಸಿಕ್ಕಿತು. 8,30,000 ಲೀಟರಿನ ಒಂದು ಪೂಲಿನಲ್ಲಿ ಸುಮಾರು 75 ಲೀಟರ್ ಮೂತ್ರ ಇದೆ ಎಂದು ಅಂದಾಜು ಬಂತು. ನಿಮ್ಮ ಪೂಲಿನ ಲೆಕ್ಕ ಬೇರೆ ಇರಬಹುದು, ಆದರೆ ಈ ಅಭ್ಯಾಸ ನಮ್ಮಲ್ಲಿಲ್ಲ ಎಂದುಕೊಳ್ಳುವ ಹಾಗಿಲ್ಲ. ಮಕ್ಕಳ ಕ್ಲಾಸಿನಲ್ಲಿ ಅರ್ಧ ಗಂಟೆಗೊಮ್ಮೆ ಎಲ್ಲರನ್ನೂ ಮೇಲೆ ಹತ್ತಿಸಿ ಟಾಯ್ಲೆಟ್ಟಿಗೆ ಕಳಿಸಿದರೆ ಘಾಟು ಎಷ್ಟೋ ಇಳಿಯುತ್ತದೆ.

ಉಪ್ಪು ನೀರಿನ ಪೂಲ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಉಪ್ಪೇ ಕ್ಲೋರಿನ್ ಆಗುತ್ತದೆ. ನೀರಿಗೆ ಲೀಟರಿಗೆ ಮೂರು, ಮೂರೂವರೆ ಗ್ರಾಂ ಉಪ್ಪು ಹಾಕಿ, ವಿದ್ಯುತ್ ಹಾಯಿಸುವ ಒಂದು ಪೆಟ್ಟಿಗೆಯ ಮೂಲಕ ಬಿಡುತ್ತಾರೆ. ಅಲ್ಲೇ ಕ್ಲೋರಿನ್ ತಯಾರಾಗುತ್ತದೆ. ದಿನವಿಡೀ ಒಂದೇ ಸಮ ಸಿಗುತ್ತದೆ, ಡಬ್ಬಗಳನ್ನು ಹೊತ್ತು ತರುವ ಕೆಲಸ ತಪ್ಪುತ್ತದೆ, ಅದು ನಿಜವಾದ ಲಾಭ. ಆದರೆ ಪಿಎಚ್ ಏರುತ್ತಲೇ ಇರುತ್ತದೆ, ಪರೀಕ್ಷೆ ಮೊದಲಿನಷ್ಟೇ ಬೇಕು. ಎಣ್ಣೆ ತಲೆಗಳು, ಬೆವರು ಮೈಗಳು ಹಾಗೇ ಇಳಿದರೆ ಅಲ್ಲೂ ಅದೇ ಕ್ಲೋರಮೈನ್. ಓಝೋನ್, ಯುವಿ ದೀಪ ಇವೂ ಒಳ್ಳೆಯವೇ. ಆದರೆ ಅವು ಕೆಲಸ ಮಾಡುವುದು ನೀರು ಪೈಪಿನೊಳಗೆ ಹಾದುಹೋಗುವಾಗ ಮಾತ್ರ. ಪೂಲಿನಲ್ಲಿ ಈಗ ನಿಮ್ಮ ಪಕ್ಕದಲ್ಲಿರುವವರು ಕೆಮ್ಮಿದರೆ ಕಾಯುವುದು ನೀರಿನಲ್ಲಿರುವ ಕ್ಲೋರಿನ್ನೇ.

ನೀರು ಕನ್ನಡಿಯಷ್ಟು ತಿಳಿಯಾಗಿದೆ, ಇನ್ನೇನು ಎಂಬ ಮಾತನ್ನೂ ತುಂಬಾ ಕೇಳುತ್ತೇನೆ. ತಿಳಿ ಇರಲೇಬೇಕು, ಆಳದ ಭಾಗದ ತಳದಲ್ಲಿರುವ ಜಾಲರಿ ಮೇಲಿನಿಂದ ಸ್ಪಷ್ಟವಾಗಿ ಕಾಣದಿದ್ದರೆ ಪೂಲ್ ಮುಚ್ಚಬೇಕು. ಮುಳುಗಿದವರು ಕಾಣುವುದಿಲ್ಲ ಎಂಬುದೇ ಅದಕ್ಕೆ ದೊಡ್ಡ ಕಾರಣ. ಆದರೆ ಪಟಿಕ ಹಾಕಿ ಫಿಲ್ಟರ್ ಓಡಿಸಿದರೆ ನೀರು ತಿಳಿಯಾಗುತ್ತದೆ, ರೋಗಾಣು ಸಾಯುವುದಿಲ್ಲ.

ಕ್ಲೋರಿನ್ ಇದ್ದರೆ ಎಲ್ಲ ರೋಗಾಣುವೂ ಕೂಡಲೇ ಸಾಯುತ್ತವೆ ಎಂಬುದು ಇದರ ತದ್ವಿರುದ್ಧ ತಪ್ಪು. ಫ್ರೀ ಕ್ಲೋರಿನ್ 1 ಪಿಪಿಎಂ, ಪಿಎಚ್ 7.5 ಇದ್ದಾಗ ಇ-ಕೊಲೈ ಒಂದು ನಿಮಿಷದೊಳಗೆ ಸಾಯುತ್ತದೆ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ಸಿಗೆ 16 ನಿಮಿಷ ಬೇಕು. ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿಗೆ 45 ನಿಮಿಷ. ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಜೀವಿ ಮಾತ್ರ ಹತ್ತು ದಿನ ಜೀವ ಹಿಡಿದುಕೊಂಡಿರುತ್ತದೆ. ಅದರ ಸುತ್ತ ಗಟ್ಟಿ ಕವಚ ಇದೆ. ಹಾಗಾಗಿ ಭೇದಿ ಇರುವ ಮಗುವನ್ನು ಯಾವ ಕಾರಣಕ್ಕೂ ಪೂಲಿಗೆ ಇಳಿಸಬೇಡಿ, ಡಯಾಪರ್ ಹಾಕಿದ್ದರೂ ಬೇಡ. ಈಜಿನ ಡಯಾಪರ್ ಗಟ್ಟಿಯಾದದ್ದನ್ನು ತಡೆದೀತು, ನೀರಾದದ್ದನ್ನು ತಡೆಯುವುದಿಲ್ಲ. ಕ್ರಿಪ್ಟೋ ಎಂದು ಡಾಕ್ಟರ್ ಹೇಳಿದ್ದರೆ ಭೇದಿ ನಿಂತ ಮೇಲೂ ಎರಡು ವಾರ ಕಾಯಬೇಕು. ನಮ್ಮಲ್ಲಿ ಅದಕ್ಕೆ ಪರೀಕ್ಷೆ ಮಾಡಿಸುವವರೇ ಕಮ್ಮಿ, ಆದ್ದರಿಂದ ಯಾವ ಭೇದಿಯಾದರೂ ಎರಡು ವಾರ ಬಿಟ್ಟರೆ ಕಳೆದುಕೊಳ್ಳುವುದೇನಿಲ್ಲ. ನೀರು ನುಂಗಬಾರದು ಎಂಬ ಅಭ್ಯಾಸವನ್ನೂ ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡಬೇಕು.

ಇನ್ನು ಮಗಳು ಕಪ್ಪಾದದ್ದು. ಕ್ಲೋರಿನ್ ಯಾರನ್ನೂ ಕಪ್ಪು ಮಾಡುವುದಿಲ್ಲ. ಅದು ಬಿಸಿಲಿನ ಕೆಲಸ. ತೆರೆದ ಪೂಲಿನಲ್ಲಿ ತಂಪಾಗಿರುವುದರಿಂದ ಬಿಸಿಲು ತಾಕಿದ್ದೇ ಗೊತ್ತಾಗುವುದಿಲ್ಲ. ಏಪ್ರಿಲ್, ಮೇ ತಿಂಗಳ ಹತ್ತು ಗಂಟೆಯ ಬ್ಯಾಚಿಗೆ ಸೇರಿದ ಮಕ್ಕಳೆಲ್ಲ ಕಪ್ಪಾಗುತ್ತಾರೆ, ಕ್ರಿಕೆಟ್ ಆಡುವ ಮಕ್ಕಳೂ ಆಗುತ್ತಾರೆ. ಇದರಲ್ಲಿ ಚಿಂತೆ ಮಾಡುವಂಥದ್ದೇನೂ ಇಲ್ಲ, ಮಗಳಿಗೂ ಹಾಗೇ ಹೇಳಿ. ಬಣ್ಣದ ಮಾತಾಡಿ ಈಜು ಬಿಡಿಸಿದ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ, ಮನಸ್ಸಿಗೆ ನೋವಾಗುತ್ತದೆ. ಚರ್ಮ ಸುಡಬಾರದು ಎಂದಿದ್ದರೆ ಬೆಳಗಿನ ಬ್ಯಾಚಿಗೆ ಹಾಕಿ, ಇಲ್ಲವೇ ತುಂಬುತೋಳಿನ ಈಜುಡುಗೆ ಕೊಡಿಸಿ. ಕ್ಲೋರಿನ್ ಚರ್ಮವನ್ನೂ ಕೂದಲನ್ನೂ ಒಣಗಿಸುತ್ತದೆ, ಅದು ನಿಜ. ಬಂದ ಕೂಡಲೇ ಸ್ನಾನ, ಆಮೇಲೆ ಒಂದಿಷ್ಟು ಎಣ್ಣೆಯೋ ಕ್ರೀಮೋ ಸಾಕು.

ಕೂದಲು ಹಸಿರಾಗುತ್ತದೆ ಎಂದೂ ಕೆಲವರು ಕೇಳುತ್ತಾರೆ. ಅದಕ್ಕೆ ಕಾರಣ ತಾಮ್ರ. ಪಾಚಿ ಕೊಲ್ಲಲು ಹಾಕುವ ಕೆಲವು ಔಷಧಗಳಲ್ಲಿ ಮೈಲುತುತ್ತ ಇರುತ್ತದೆ, ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುತ್ತೇವಲ್ಲ, ಅದೇ. ನಮ್ಮ ಕಪ್ಪು ಕೂದಲಿನಲ್ಲಿ ಕಾಣುವುದಿಲ್ಲ, ಬೆಳ್ಳಿಕೂದಲಿನ ಹಿರಿಯರಿಗೆ ಕಾಣಬಹುದು.

ಮುಟ್ಟಿನ ದಿನಗಳಲ್ಲಿ ಈಜಬಾರದು, ನೀರು ಕೆಡುತ್ತದೆ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. ಟ್ಯಾಂಪೂನ್ ಅಥವಾ ಕಪ್ ಬಳಸಿ ಧಾರಾಳವಾಗಿ ಈಜಬಹುದು. ಬೋರ್ಡಿನಲ್ಲಿ ಹಾಗೆ ಬರೆದಿದ್ದರೆ ಅದನ್ನೂ ತೆಗೆಸಿ.

ಅಮೀಬಾ ಬಗ್ಗೆ ಅತ್ತೆಯವರ ಭಯ ಅರ್ಥವಾಗುತ್ತದೆ. ನೆಗ್ಲೇರಿಯಾ ಫೌಲೆರಿ ಎಂಬ ಅಮೀಬಾ ತರುವ ಮಿದುಳಿನ ಕಾಯಿಲೆ ಬಂದವರಲ್ಲಿ ಬದುಕಿದವರು ತೀರಾ ಕಮ್ಮಿ. ಆದರೆ ಅದು ಹೇಗೆ ಬರುತ್ತದೆ ಎಂಬುದನ್ನು ಅವರಿಗೆ ಬಿಡಿಸಿ ಹೇಳಿ. ಬೆಚ್ಚಗಿನ ಸಿಹಿನೀರಿನಲ್ಲಿ, ಕೆರೆ, ಕಲ್ಯಾಣಿ, ಕ್ಲೋರಿನ್ ಹಾಕದ ತೊಟ್ಟಿಗಳಲ್ಲಿ ಅದು ಬದುಕುತ್ತದೆ. ನೀರು ಮೂಗಿನೊಳಗೆ ಜೋರಾಗಿ ನುಗ್ಗಿದಾಗ ಅಲ್ಲಿಂದ ಮಿದುಳಿಗೆ ಹೋಗುತ್ತದೆ. ಕುಡಿದರೆ ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೂ ಹರಡುವುದಿಲ್ಲ. ಫ್ರೀ ಕ್ಲೋರಿನ್ ಯಾವಾಗಲೂ 1 ಪಿಪಿಎಂಗಿಂತ ಮೇಲಿದ್ದು ಪಿಎಚ್ ಸರಿಯಿದ್ದರೆ ಅದು ಪೂಲಿನಲ್ಲಿ ಉಳಿಯುವುದಿಲ್ಲ. ಅಪಾಯ ಇರುವುದು ಕ್ಲೋರಿನ್ ಬೇಡ ಎಂದು ಬಿಟ್ಟ ಪೂಲಿನಲ್ಲಿ. ವಾಸನೆಗೆ ಹೆದರಿ ಕ್ಲೋರಿನ್ ಇಳಿಸಬೇಡಿ ಎಂದು ಇಷ್ಟು ಒತ್ತಿ ಹೇಳುತ್ತಿರುವುದು ಇದಕ್ಕೂ ಸೇರಿಸಿಯೇ. ಪೂಲಿನ ಪಕ್ಕ ಒಂದು ಸ್ಲೇಟು ತೂಗುಹಾಕಿಸಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಫ್ರೀ ಕ್ಲೋರಿನ್ ಎಷ್ಟು, ಪಿಎಚ್ ಎಷ್ಟು ಎಂದು ಬರೆದಿಡಲಿ. ಅಂಕಿ ಬರೆದಿಲ್ಲದ ದಿನ ಮಕ್ಕಳನ್ನು ಇಳಿಸಬೇಡಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಲೇಬೇಕು, ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಅದರದ್ದೇ. ನಿಮ್ಮ ಪಂಪ್ ರೂಮಿಗೆ ಒಮ್ಮೆ ಹೋಗಿ ನೋಡಿ. ಒಂದು ಒಳ್ಳೆಯ ಕೆಮಿಕಲ್ಲಿಗೆ ಇನ್ನೊಂದು ಒಳ್ಳೆಯದು ಸೇರಿದರೆ ಇನ್ನೂ ಒಳ್ಳೆಯದು ಎಂಬ ನಂಬಿಕೆ ಎಷ್ಟು ತಪ್ಪು ಎಂಬುದಕ್ಕೆ 2016ರ ರಿಯೋ ಒಲಿಂಪಿಕ್ಸ್ ಸಾಕ್ಷಿ. ಅಲ್ಲಿ ಕ್ಲೋರಿನ್ ಇದ್ದ ನೀರಿಗೆ 80 ಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಸುರಿದರು. ಎರಡೂ ಶುದ್ಧಿ ಮಾಡುವಂಥವೇ. ಆದರೆ ಒಂದನ್ನೊಂದು ತಿಂದುಹಾಕಿದವು, ಡೈವಿಂಗ್ ಪೂಲ್ ಇಡೀ ಜಗತ್ತಿನ ಮುಂದೆ ಹಸಿರಾಯಿತು. ಅಲ್ಲಿ ಬಣ್ಣಕ್ಕೇ ಮುಗಿಯಿತು. ಪಂಪ್ ರೂಮಿನಲ್ಲಿ ಜೀವವೇ ಹೋಗಬಹುದು. ಪಿಎಚ್ ಇಳಿಸಲು ತಂದ ಆಸಿಡ್ ಹೈಪೋಗೆ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಟಿಸಿಸಿಎ ಇದ್ದ ಬಕೆಟ್ಟಿಗೇ ಬ್ಲೀಚಿಂಗ್ ಪೌಡರ್ ಹಾಕಿದರೆ, ಸ್ವಲ್ಪ ತೇವ ಇದ್ದರೂ, ಬೆಂಕಿ ಹತ್ತಬಹುದು, ಸಿಡಿಯಬಹುದು. ಎರಡನ್ನೂ ಕ್ಲೋರಿನ್ ಎಂದೇ ಕರೆಯುವುದರಿಂದ ಒಂದೇ ಚಮಚ, ಒಂದೇ ಬಕೆಟ್ ಬಳಸುವವರು ಜಾಸ್ತಿ.

ಆದ್ದರಿಂದ ಒಂದೊಂದಕ್ಕೂ ಬೇರೆ ಬೇರೆ ಒಣ ಚಮಚ, ಬೇರೆ ಬಕೆಟ್ ಇರಲಿ, ಮೇಲೆ ಕನ್ನಡದಲ್ಲೇ ದೊಡ್ಡದಾಗಿ ಬರೆಸಿ. ಆಸಿಡ್ ಕ್ಯಾನು ಕ್ಲೋರಿನ್ ಇರುವ ಕೋಣೆಯಲ್ಲೇ ಬೇಡ. ನೀರಿಗೆ ಕೆಮಿಕಲ್ ಹಾಕಬೇಕೇ ಹೊರತು ಕೆಮಿಕಲ್ ಮೇಲೆ ನೀರು ಸುರಿಯಬಾರದು. ಕೆಲಸ ಮಾಡುವ ಹುಡುಗನಿಗೆ ರಬ್ಬರ್ ಗ್ಲೌಸ್, ಕನ್ನಡಕ, ಕ್ಲೋರಿನ್ ಗ್ಯಾಸಿಗೆ ತಕ್ಕ ಮಾಸ್ಕ್ ಕೊಡಿಸಿ, ಅದು ಅಪಾರ್ಟ್‌ಮೆಂಟಿನ ಜವಾಬ್ದಾರಿ. ಒಂದು ವೇಳೆ ಕೋಣೆಯೊಳಗಿಂದ ಹಳದಿ ಹಸಿರು ಹೊಗೆ, ಉಸಿರು ಕಟ್ಟುವ ಘಾಟು ಬಂದರೆ ಯಾರೂ ಒಳಗೆ ನುಗ್ಗಬಾರದು, ಬಕೆಟ್ಟಿಗೆ ನೀರು ಎರಚಲೂ ಬಾರದು. ಪೂಲಿನಲ್ಲಿರುವವರನ್ನು ಹತ್ತಿಸಿ, ಗಾಳಿ ಬೀಸಿ ಬರುವ ಕಡೆಗೆ, ಎತ್ತರದ ಜಾಗಕ್ಕೆ ಎಲ್ಲರನ್ನೂ ಕರೆದೊಯ್ಯಿರಿ, ಯಾಕೆಂದರೆ ಕ್ಲೋರಿನ್ ಗಾಳಿಗಿಂತ ಭಾರ, ಬೇಸ್‌ಮೆಂಟಿಗೆ ಇಳಿಯುತ್ತದೆ. 112ಕ್ಕೆ ಫೋನ್ ಮಾಡಿ, ಯಾವ ಕೆಮಿಕಲ್ ಎಂದು ಹೇಳಿ.